ಮೂರು ಸಂಕಷ್ಟಿಗಳ ಡಿಸೆಂಬರ್

ಎದುರು ಮನೆಯ ಫಿಲೋಮಿನಾ ಇವತ್ತು ಮಧ್ಯಾಹ್ನ ಕ್ರಿಸ್‌ಮಸ್ ತಟ್ಟೆ ತಂದುಕೊಟ್ಟರು. ಕಲ್‌ಕಲ್, ಅಚ್ಚಿನಲ್ಲಿ ಅದ್ದಿ ಕರಿದ ಹೂವಿನಾಕಾರದ ತಿಂಡಿ, ಒಂದು ದೊಡ್ಡ ತುಂಡು ಕೇಕು, ಅದರ ಮೇಲೊಂದು ಬಿಳಿ ಬಟ್ಟೆ. "ಮೊಟ್ಟೆ ಹಾಕಿಲ್ಲ ಸುಮಿತ್ರಾ, ನಿಮಗೋಸ್ಕರ ಅಂತಾನೇ ಬೇರೆ ಮಾಡಿದ್ದು" ಅಂದರು. ಮೈಸೂರಿನ ನಮ್ಮ ಬೀದಿಯಲ್ಲಿ ಇದು ಹೊಸ ಮಾತೇನಲ್ಲ. ಈಗ ಪ್ರತಿ ಬೇಕರಿಯಲ್ಲೂ ಮೊಟ್ಟೆಯಿಲ್ಲದ ಕೇಕು ಎಂದು ಬೋರ್ಡೇ ಹಾಕಿರುತ್ತಾರೆ. ಆದರೆ ಬಟ್ಟೆ ಎತ್ತಿದೊಡನೆ ಮೊಸರು, ಸೋಡಾ, ಬೆಣ್ಣೆ ಎಲ್ಲ ಬೆರೆತ ಸ್ವಲ್ಪ ಹುಳಿ ವಾಸನೆ ಬಂತು. ನಾನು ಹಾಗೇ ಕುರ್ಚಿಯ ಮೇಲೆ ಕೂತುಬಿಟ್ಟೆ. ಆ ವಾಸನೆಯ ಕೇಕನ್ನು ನಾನು ಕಂಡದ್ದು ಟೋಕಿಯೋದ ಮಿನಾಟೋ ಬಡಾವಣೆಯ ನಮ್ಮ ಆಫೀಸಿನಲ್ಲಿ, ಸಾವಿರದ ಒಂಬೈನೂರ ತೊಂಬತ್ತೊಂಬತ್ತರ ಡಿಸೆಂಬರಿನಲ್ಲಿ. ಅದರ ದೆಸೆಯಿಂದ ನನ್ನ ಗಂಡ ಮೂರು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು.

ನನ್ನ ಗಂಡ ಎಂದರೆ ಶ್ರೀಕಂಠಮೂರ್ತಿ. ಮದುವೆಯಾದಾಗಿನಿಂದ ಹೆಸರು ಹಿಡಿದು ಕರೆದು ಅಭ್ಯಾಸವಿಲ್ಲ, ಬರೆಯುವಾಗಲೂ ಕೈ ಬರುವುದಿಲ್ಲ. ಇಲ್ಲಿ 'ಇವರು' ಅಂದರೆ ಅವರೊಬ್ಬರೇ ಎಂದು ತಿಳಿದುಕೊಳ್ಳಿ.

ಆಗಿನ ಕಾಲ ನೆನಪಿದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ಕಂಪ್ಯೂಟರುಗಳು ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದಿಟ್ಟುಕೊಂಡಿದ್ದವು. ಎರಡು ಸಾವಿರ ಇಸವಿ ಬಂದಾಗ ಅವು ಸೊನ್ನೆ ಸೊನ್ನೆ ನೋಡಿ ತಲೆಕೆಟ್ಟು ಕೂರುತ್ತವೆ, ಬ್ಯಾಂಕು, ರೈಲು, ಕರೆಂಟು ಎಲ್ಲ ನಿಲ್ಲುತ್ತದೆ ಎಂದು ಲೋಕವೆಲ್ಲ ಹೆದರಿತ್ತು. ಯಾರೂ ಕಲಿಯದ ಹಳೆಯ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿತಿದ್ದ ನನ್ನ ಗಂಡನಂಥವರಿಗೆ ಇದ್ದಕ್ಕಿದ್ದಂತೆ ಬೆಲೆ ಬಂತು. ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತಲೇ ಸಂಜೆ ತರಗತಿಗೆ ಹೋಗಿ ಜಪಾನಿ ಭಾಷೆ ಕಲಿತಿದ್ದೆ. ಕಂಪನಿಯವರು ಇಬ್ಬರನ್ನೂ ಒಂದೇ ಪ್ರಾಜೆಕ್ಟಿಗೆ ಹಾಕಿ ಕಳಿಸಿದರು. ಇವರಿಗೆ ಪ್ರೋಗ್ರಾಂ ತಿದ್ದುವ ಕೆಲಸ, ನನಗೆ ಇವರು ಹೇಳಿದ್ದನ್ನು ಜಪಾನಿಯವರಿಗೂ ಅವರು ಹೇಳಿದ್ದನ್ನು ಇವರಿಗೂ ಮುಟ್ಟಿಸುವ ಕೆಲಸ. ಹಗಲೆಲ್ಲ ಗಂಡನ ಮಾತನ್ನು ಅನುವಾದ ಮಾಡಿ, ಸಂಜೆ ಟೋಕಿಯೋದ ಪಕ್ಕದ ಉರಯಾಸುವಿನ ಪುಟ್ಟ ಮನೆಗೆ ಬಂದು ಅವರಿಗೇ ಅಡುಗೆ ಮಾಡಬೇಕು. ಎರಡು ವರ್ಷ ಅದೇ. ಆ ಡಿಸೆಂಬರ್ ಹೊತ್ತಿಗೆ ನನಗೆ ಎಷ್ಟು ದಣಿವಾಗಿತ್ತೆಂದರೆ, ರೈಲಿನಲ್ಲಿ ಸೀಟು ಸಿಕ್ಕರೆ ಊರು ಬಂದರೂ ಏಳುವುದು ಬೇಡ ಎನಿಸುತ್ತಿತ್ತು.

ನವೆಂಬರಿನ ಒಂದು ಸಂಜೆ ಉರಯಾಸು ಸ್ಟೇಷನ್ನಿನಲ್ಲಿ ಇಳಿದಾಗ ಇವರು ಎದುರಿನ ಬೋರ್ಡನ್ನು ದಿಟ್ಟಿಸಿ ನೋಡುತ್ತ ನಿಂತರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ನೋಡಿದರು.

"ಏನ್ರೀ?"

"ಏನಿಲ್ಲ, ಇವತ್ತು ಲೈಟ್ ಕಮ್ಮಿ ಹಾಕಿದಾರೆ ಅನ್ಸತ್ತೆ."

ಲೈಟು ಎಂದಿನಷ್ಟೇ ಇತ್ತು. ಇಂಥ ಮಾತನ್ನು ನಾನು ಮೊದಲೂ ಕೇಳಿದ್ದೆ. ನಮ್ಮ ಮಾವನವರಿಗೆ ಸಕ್ಕರೆ ಕಾಯಿಲೆ ಇತ್ತು. ಐವತ್ತು ದಾಟುವ ಮೊದಲೇ ಕಣ್ಣು ಹೋಯಿತು. ನಾನು ಸೊಸೆಯಾಗಿ ಹೋದಾಗ ಅವರಿಗೆ ಬೆಳಕಿನ ಸುಳಿವೂ ಕಾಣುತ್ತಿರಲಿಲ್ಲ. ಅನ್ನ ಎಲ್ಲಿದೆ, ಪಲ್ಯ ಎಲ್ಲಿದೆ ಎಂದು ಅವರ ಕೈ ಹಿಡಿದು ತಟ್ಟೆಗೆ ಮುಟ್ಟಿಸಿ ಬಡಿಸುತ್ತಿದ್ದವಳು ನಾನೇ. ದಿನಾ ಸಂಜೆ ದೇವರ ಮುಂದೆ ದೀಪ ಉರಿಯುತ್ತಿರುವಾಗಲೇ ಹಜಾರದ ಕುರ್ಚಿಯಿಂದ ಕೇಳುತ್ತಿದ್ದರು: "ದೀಪ ಹಚ್ಲಿಲ್ವಾ?" ಅತ್ತೆ ದಿನಾ ಅದೇ ಉತ್ತರ ಕೊಡುತ್ತಿದ್ದರು: "ಈಗ ಹಚ್ತೀನಿ." ಹಚ್ಚಿಯಾಗಿದೆ ಎಂದು ಅವರು ಒಂದು ದಿನವೂ ಹೇಳಿದ್ದನ್ನು ನಾನು ಕೇಳಲಿಲ್ಲ.

ಮಾರನೆಯ ದಿನವೇ ಆಫೀಸಿನ ಹತ್ತಿರದ ಒಂದು ಕ್ಲಿನಿಕ್ಕಿಗೆ ಎಳೆದುಕೊಂಡು ಹೋದೆ. ವಯಸ್ಸಾದ ಡಾಕ್ಟರು, ಮೆಲುದನಿ. ರಕ್ತ ನೋಡಿದರು, ಕಣ್ಣಿಗೆ ಹನಿ ಹಾಕಿಸಿ ಒಳಗಿನ ನರ ನೋಡಿಸಿದರು. ಸಕ್ಕರೆ ಬಹಳ ಏರಿದೆ, ಕಣ್ಣಿನ ಹಿಂಭಾಗದಲ್ಲಿ ತೊಂದರೆ ಶುರುವಾಗಿದೆ, ಈಗಲೇ ತಡೆದರೆ ಇಲ್ಲಿಗೇ ನಿಲ್ಲಬಹುದು ಎಂದರು. ಮಾತ್ರೆ ಕೊಟ್ಟರು. ದಿನಾ ನಡೆಯಬೇಕು, ಊಟ ಕಡಿಮೆ, ಸಿಹಿ ಮುಟ್ಟಲೇಬಾರದು. "ಜನವರಿ ಮೊದಲ ವಾರ ಮತ್ತೆ ಬನ್ನಿ. ಇಳಿಯದಿದ್ದರೆ ಎರಡು ವಾರ ಆಸ್ಪತ್ರೆಗೆ ಸೇರಿಸಿಕೊಂಡು ಊಟ ಮಾಡುವುದನ್ನು ಕಲಿಸುತ್ತೇವೆ" ಎಂದರು. ಅಲ್ಲಿ ಹಾಗೊಂದು ಪದ್ಧತಿ ಇದೆ.

"ನಲವತ್ತೊಂದು ವರ್ಷದಿಂದ ಊಟ ಮಾಡ್ತಾನೇ ಇದೀನಿ, ಇನ್ನೇನು ಕಲಿಸ್ತಾರಂತೆ ಕೇಳು" ಅಂದರು ಇವರು ಕನ್ನಡದಲ್ಲಿ.

ನಾನು ಅದನ್ನು ಅನುವಾದ ಮಾಡಲಿಲ್ಲ. ಧನ್ಯವಾದ ಹೇಳುತ್ತಿದ್ದಾರೆ ಎಂದೆ.

ಕ್ಲಿನಿಕ್ಕಿನ ಮೆಟ್ಟಿಲಿಳಿಯುವಾಗಲೇ ಇವರು ಷರತ್ತು ಹಾಕಿದರು. ಆಫೀಸಿನಲ್ಲಿ ಯಾರಿಗೂ ತಿಳಿಯಬಾರದು. ರೋಗಿ ಎಂದು ಗೊತ್ತಾದರೆ ವರ್ಷ ತಿರುಗುವ ರಾತ್ರಿಯ ಕೆಲಸದಿಂದ ತೆಗೆಯುತ್ತಾರೆ. ಎರಡು ವರ್ಷ ಕಣ್ಣು ಕೆಡಿಸಿಕೊಂಡು ತಿದ್ದಿದ ಪ್ರೋಗ್ರಾಮು, ಆ ರಾತ್ರಿ ಅದು ಓಡುವುದನ್ನು ನೋಡದೆ ವಾಪಸು ಹೋಗಲಾರೆ ಎಂದರು. ನಾನೂ ಒಪ್ಪಿದೆ. ನಮ್ಮವರಲ್ಲಿ ಕಾಯಿಲೆಯನ್ನು ಮುಚ್ಚಿಡುವುದು ಸಹಜ ಬುದ್ಧಿ, ಹೆಣ್ಣು ನೋಡಲು ಬಂದವರ ಮುಂದೆ ಮುಚ್ಚಿಡುವ ಹಾಗೆ. ಡಿಸೆಂಬರ್ ಒಂದು ತಿಂಗಳು ಬಾಯಿ ಕಟ್ಟಿದರಾಯಿತು ಎಂದುಕೊಂಡೆವು.

ಡಿಸೆಂಬರಿನಲ್ಲಿ ಟೋಕಿಯೋದಲ್ಲಿ ಬಾಯಿ ಕಟ್ಟುವುದೆಂದರೆ ಏನೆಂದು ನಮಗೆ ಗೊತ್ತಿತ್ತು, ಆದರೆ ಹಿಂದಿನ ವರ್ಷ ಅದು ಕಷ್ಟ ಎನಿಸಿರಲಿಲ್ಲ, ತಿಂದುಕೊಂಡು ಹಾಯಾಗಿದ್ದೆವಲ್ಲ. ಅಲ್ಲಿ ಕ್ರೈಸ್ತರು ತೀರ ಕಡಿಮೆ, ಕ್ರಿಸ್‌ಮಸ್ ಮಾತ್ರ ಊರು ತುಂಬ. ನವೆಂಬರಿನಿಂದಲೇ ಸ್ಟೇಷನ್ನುಗಳಲ್ಲಿ ಗಂಟೆಯ ಹಾಡು, ಕರಿದ ಕೋಳಿಗೆ ಸಾಲು ನಿಲ್ಲುವ ಸಂಸಾರಗಳು, ಪ್ರತಿ ಕೊಂಬಿನಿ ಅಂಗಡಿಯಲ್ಲೂ ಬಿಳಿ ಕ್ರೀಮಿನ ಮೇಲೆ ಸ್ಟ್ರಾಬೆರಿ ಕೂರಿಸಿದ ಕೇಕಿನ ಚಿತ್ರ. ಇದರ ಜೊತೆಗೆ ಮುಗಿಯುತ್ತಿರುವ ವರ್ಷವನ್ನು ಮರೆಯುವುದಕ್ಕೆಂದು ಆಫೀಸಿನವರೆಲ್ಲ ಸೇರಿ ಉಣ್ಣುವ ಕೂಟಗಳು. ನಮ್ಮ ವಿಭಾಗದ್ದೊಂದು, ಪಕ್ಕದ ವಿಭಾಗದ್ದೊಂದು, ಗಿರಾಕಿಗಳದ್ದೊಂದು. ಯಾರು ಊರಿಗೆ ಹೋಗಿ ಬಂದರೂ ಮೇಜಿಗೊಂದು ಸಿಹಿಯ ಪೊಟ್ಟಣ. ತಿನ್ನದೆ ಬಿಟ್ಟರೆ ಕೊಟ್ಟವರ ಮುಖ ಸಣ್ಣದಾಗುತ್ತದೆ.

ನಾವು ಸಸ್ಯಾಹಾರಿಗಳಾದದ್ದು ಇನ್ನೊಂದು ಫಜೀತಿ. ಅಲ್ಲಿ ಬರಿಯ ತರಕಾರಿಯ ಸಾರಿಗೂ ಮೀನಿನ ರಸ ಬಿದ್ದಿರುತ್ತದೆ. ಕೂಟದಲ್ಲಿ ನಮಗೆ ತಿನ್ನಲು ಉಳಿಯುವುದು ಅನ್ನ, ಕರಿದ ಆಲೂಗೆಡ್ಡೆ, ಐಸ್‌ಕ್ರೀಮು, ಕೇಕು. ಪಾಪ ಮೂರ್ತಿ ಸಾನ್‌ಗೆ, ಅಂದರೆ ಮೂರ್ತಿಯವರಿಗೆ, ತಿನ್ನಲು ಏನೂ ಇಲ್ಲ ಎಂದು ಮರುಗಿ ಪ್ರತಿಯೊಬ್ಬರೂ ತಮ್ಮ ಪಾಲಿನ ಕೇಕನ್ನು ಇವರ ತಟ್ಟೆಗೆ ದಾಟಿಸುತ್ತಿದ್ದರು. ಹಿಂದಿನ ವರ್ಷ ಇವರು ಅದನ್ನೆಲ್ಲ ಸಂತೋಷವಾಗಿ ಮುಗಿಸಿದ್ದರು. ಮದುವೆ ಮನೆಯಲ್ಲಿ ಹೋಳಿಗೆ ಬಡಿಸುವವರೇ ಸೋತು ಕೂತ ಕೀರ್ತಿ ಇವರದು. ಬೇಕರಿ ಕೇಕಿನಲ್ಲಿ ಮೊಟ್ಟೆ ಕಣ್ಣಿಗೆ ಕಾಣಿಸುವುದಿಲ್ಲವಾದ್ದರಿಂದ ದೋಷವಿಲ್ಲ ಎಂಬುದು ಇವರದೇ ಧರ್ಮಶಾಸ್ತ್ರ.

ಈ ವರ್ಷ ಬೇಡ ಎನ್ನುವುದಕ್ಕೆ ಕಾರಣ ಬೇಕಾಯಿತು. ಕಾಯಿಲೆ ಎನ್ನುವಂತಿಲ್ಲ. ಮೊದಲನೆಯ ಕೂಟದಲ್ಲಿ ತಟ್ಟೆಗೆ ಕೇಕು ಬಂದಾಗ ಇವರು ನನ್ನ ಕಡೆ ತಿರುಗಿ, "ಇವತ್ತು ಏಕಾದಶಿ ಅಂತ ಹೇಳು" ಅಂದರು. ಹೇಳಿದೆ. ಎಲ್ಲರೂ ಓ ಎಂದು ತಲೆಬಾಗಿಸಿ ಕೇಕನ್ನು ನನ್ನ ಮುಂದೆ ಸರಿಸಿದರು. ಹೆಂಗಸರಿಗೆ ಈ ವ್ರತ ಇಲ್ಲ ಎಂದು ಅವರೇ ತೀರ್ಮಾನ ಮಾಡಿಕೊಂಡಿದ್ದರು. ಎಸೆಯುವ ಹಾಗಿಲ್ಲ, ತಿಂದೆ.

ಉಪಾಯ ಫಲಿಸಿದ್ದೇ ತಡ, ಇವರಿಗೆ ಎಲ್ಲಿಲ್ಲದ ಭಕ್ತಿ ಬಂತು. ಮೇಜಿನ ಮೇಲೆ ಸಿಹಿ ಕಂಡರೆ ಸೋಮವಾರ ಶಿವನಿಗೆ, ಗುರುವಾರ ರಾಯರಿಗೆ, ಶನಿವಾರ ಹನುಮಂತನಿಗೆ. ತಿಂಗಳಿಗೊಮ್ಮೆ ಬರುವ ಸಂಕಷ್ಟಿ ಆ ಡಿಸೆಂಬರಿನಲ್ಲಿ ಮೂರು ಸಲ ಬಂತು. ನಾನು ಪ್ರತಿಸಲ ನೆಟ್ಟಗೆ ನಿಂತು ದೇವರುಗಳ ಹೆಸರನ್ನೂ ನಿಯಮಗಳನ್ನೂ ಜಪಾನಿಯಲ್ಲಿ ವಿವರಿಸಬೇಕು. ನಮ್ಮ ವಿಭಾಗದ ಮುಖ್ಯಸ್ಥ ಒಗಾವಾ ಸಾನ್, ನಿವೃತ್ತಿಗೆ ಹತ್ತಿರವಾದವರು, ಕೆಲಸದ ಹೊರತು ಒಂದು ಮಾತೂ ಆಡದ ಗಂಭೀರ ಮನುಷ್ಯ. ಅವರು ಇದನ್ನೆಲ್ಲ ಪ್ರೋಗ್ರಾಮಿನ ದೋಷ ಕೇಳುವಷ್ಟೇ ಗಮನದಿಂದ ಕೇಳಿಸಿಕೊಳ್ಳುತ್ತಿದ್ದರು. ಅಷ್ಟು ಗಮನ ಕೊಡುವವರಿಗೆ ಸುಳ್ಳು ಹೇಳುವುದು ಬಹಳ ಆಯಾಸದ ಕೆಲಸ.

ಎರಡನೆಯ ಸಂಕಷ್ಟಿಯ ದಿನ ಎಲ್ಲ ತಲೆಕೆಳಗಾಯಿತು. ದೊಡ್ಡ ಕೂಟ, ಉದ್ದನೆಯ ಮೇಜು, ಬಿಸಿಬಿಸಿ ತಟ್ಟೆಗಳು ಬಂದಿದ್ದವು. ಚಂದ್ರನನ್ನು ನೋಡುವವರೆಗೆ ಊಟ ಮಾಡುವಂತಿಲ್ಲ ಎಂದು ನಾನು ಇವರ ಪರವಾಗಿ ಹೇಳಿದೆ. ಒಗಾವಾ ಸಾನ್ ಕೈಯಲ್ಲಿದ್ದ ಊಟದ ಕಡ್ಡಿಗಳನ್ನು ಕೆಳಗಿಟ್ಟರು. ಅದನ್ನು ನೋಡಿ ಮೇಜಿನುದ್ದಕ್ಕೂ ಎಲ್ಲರೂ ಇಟ್ಟರು. ಒಬ್ಬರು ಉಪವಾಸ ಕೂತಿರುವಾಗ ಉಳಿದವರು ತಿನ್ನುವುದು ಹೇಗೆ ಎಂಬುದು ಅವರ ಮರ್ಯಾದೆ. ತಟ್ಟೆಗಳು ತಣ್ಣಗಾದವು. ತಂಡದ ಅತಿ ಕಿರಿಯ ಹುಡುಗಿ ಹಯಾಶಿ ಸಾನ್ ಎದ್ದು, ಕೋಟೂ ಹಾಕಿಕೊಳ್ಳದೆ ಚಳಿಗೆ ಹೊರಗೆ ಓಡಿದಳು. ಎತ್ತರದ ಕಟ್ಟಡಗಳ ಸಂದಿಯಲ್ಲಿ ಹುಡುಕಿ, ಮೂಗು ಕೆಂಪು ಮಾಡಿಕೊಂಡು ವಾಪಸು ಬಂದು "ಕಾಣಿಸಿತು, ಚಂದ್ರ ಕಾಣಿಸಿತು" ಅಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅದು ಶುಕ್ಲಪಕ್ಷದ ಚಂದ್ರ, ಸಂಜೆಯಿಂದಲೂ ಆಕಾಶದಲ್ಲೇ ಇತ್ತು, ಅದಕ್ಕೂ ಸಂಕಷ್ಟಿಗೂ ಯಾವ ಸಂಬಂಧವೂ ಇಲ್ಲ. ನಮ್ಮ ಅತ್ತೆ ಕೇಳಿದ್ದರೆ ನನ್ನನ್ನು ಮನೆಗೆ ಸೇರಿಸುತ್ತಿರಲಿಲ್ಲ.

ಆಮೇಲೆ ಬೆಳಗಿನಿಂದ ಹಸಿದ ಮನುಷ್ಯನೆಂದು ಇವರ ಮುಂದೆ ಅನ್ನ, ಕರಿದ ಆಲೂಗೆಡ್ಡೆ, ಐಸ್‌ಕ್ರೀಮು ಒಂದರ ಹಿಂದೊಂದು ಬಂದು ಬಿದ್ದವು. ಚಳಿಯಲ್ಲಿ ನಡುಗಿದ ಹುಡುಗಿ ಎದುರಿಗೇ ಕೂತು ನೋಡುತ್ತಿದ್ದಾಳೆ. ಇವರು ತಿಂದರು. ತಡೆಯಲು ನನಗೆ ಬಾಯಿ ಬರಲಿಲ್ಲ. ಕೂಟಕ್ಕೆ ಹೋಗುವ ಮೊದಲು ಹೊಟ್ಟೆ ತುಂಬಿರಲಿ ಎಂದು ನಾನು ಡಬ್ಬಿಯಲ್ಲಿ ಕಟ್ಟಿಕೊಂಡು ಬಂದು ತಿನ್ನಿಸಿದ್ದ ಸೌತೆಕಾಯಿ ಕೋಸಂಬರಿಯೂ ಮಜ್ಜಿಗೆಯೂ ಯಾವ ಮೂಲೆಗೆ ಹೋದವೋ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಊಟ ಬಲ್ಲವರಿರಲಿಲ್ಲ. ಮಾತು ಬಲ್ಲವಳೆಂದು ಸಂಬಳ ತೆಗೆದುಕೊಳ್ಳುತ್ತಿದ್ದ ನಾನಿದ್ದೂ ಜಗಳ ತಪ್ಪಲಿಲ್ಲ. ದಿನಾ ರೈಲಿನಲ್ಲಿ ಅದೇ. ನಾನು "ಸಾಕು ಅನ್ನೋಕೆ ನಿಮಗೇನು ರೀ ಕಷ್ಟ" ಎನ್ನುವುದು, ಇವರು "ನೀನೇ ಅಲ್ವಾ ಪಕ್ಕದಲ್ಲಿ ಕೂತಿದ್ದೋಳು" ಎನ್ನುವುದು. ಇವರು ಬಿಟ್ಟದ್ದನ್ನೆಲ್ಲ ತಿಂದು ನನ್ನ ಸ್ಕರ್ಟಿನ ಹುಕ್ಕು ಕೂರದೆ ಪಿನ್ನು ಚುಚ್ಚಿಕೊಂಡು ಓಡಾಡುತ್ತಿದ್ದೆ. ಕಣ್ಣು ಮಾತ್ರ ಹಾಗೇ ಇತ್ತು. ಇವರು ಬೋರ್ಡು ಓದಲು ಒಂದು ಹೆಜ್ಜೆ ಹತ್ತಿರ ಹೋಗುವುದನ್ನು ನಾನು ಕಂಡೂ ಕಾಣದವಳ ಹಾಗೆ ಇರುತ್ತಿದ್ದೆ.

ಕ್ರಿಸ್‌ಮಸ್ ಹತ್ತಿರ ಬಂದಾಗ ಹಯಾಶಿ ಸಾನ್ ನೇರವಾಗಿ ಕೇಳಿದಳು: ಹಬ್ಬದ ಹಿಂದಿನ ದಿನ ಆಫೀಸಿನಲ್ಲಿ ಕೇಕು ಕತ್ತರಿಸುತ್ತೇವೆ, ಅವತ್ತು ಮೂರ್ತಿ ಸಾನ್‌ಗೆ ಯಾವ ದೇವರು? ಆ ದಿನಕ್ಕೆ ಇವರಿಗೆ ಯಾವ ವ್ರತವೂ ಹೊಳೆಯಲಿಲ್ಲ. "ಕೇಕಲ್ಲಿ ಮೊಟ್ಟೆ ಇರತ್ತೆ, ಈ ತಿಂಗಳು ಧನುರ್ಮಾಸ, ಮೊಟ್ಟೆ ಮುಟ್ಟಲ್ಲ ಅನ್ನು" ಅಂದರು. ಧನುರ್ಮಾಸ ನಿಜಕ್ಕೂ ಇತ್ತು. ಇಡೀ ತಿಂಗಳಿನಲ್ಲಿ ನಾವು ಹೇಳಿದ ಒಂದೇ ಒಂದು ನಿಜ ಅದು. ಅದೇ ನಮ್ಮನ್ನು ಸಿಕ್ಕಿಹಾಕಿಸಿತು.

ಆ ಭಾನುವಾರ ಮನೆಗೆ ಫೋನು ಬಂತು. ಹೆಂಗಸಿನ ದನಿ. ಒಗಾವಾ ಸಾನ್ ಅವರ ಹೆಂಡತಿ. ತೊಂದರೆ ಕೊಡುತ್ತಿದ್ದೇನೆ, ಸುಮಿಮಾಸೆನ್, ಕ್ಷಮಿಸಿ ಎಂದು ಎಷ್ಟೋ ಸಲ ಹೇಳಿ ಆಮೇಲೆ ವಿಷಯಕ್ಕೆ ಬಂದರು. "ಮೊಟ್ಟೆ ಹಾಕದೆ ಕೇಕು ಮಾಡಿ ನೋಡಿದೆ, ಇಟ್ಟಿಗೆಯಾಯಿತು. ನಿಮ್ಮ ಕಡೆ ಹೇಗೆ ಮಾಡುತ್ತಾರೆ?"

ಇವರು ಎದುರಿಗೆ ಕೂತು ಒಣ ಚಪಾತಿ ಮುರಿಯುತ್ತಿದ್ದವರು ಬೇಡ ಬೇಡ ಎಂದು ಕೈಯಾಡಿಸಿದರು. ನಿಜ ಹೇಳಬೇಡ ಎಂದೋ, ಕೇಕು ಬೇಡ ಎಂದೋ ನನಗೆ ತಿಳಿಯಲಿಲ್ಲ, ಅವರಿಗೂ ತಿಳಿದಿತ್ತೋ ಇಲ್ಲವೋ. ನನ್ನ ಬಾಯಿಗೆ ಬಂದದ್ದು ಮೈಸೂರಿನಲ್ಲಿ ಪಕ್ಕದ ಮನೆಯವರು ಕುಕ್ಕರಿನಲ್ಲಿ ಮರಳು ಹಾಕಿ ಮಾಡುತ್ತಿದ್ದ ಕೇಕು. ಮೊಸರು ಹಾಕಿ, ಅಡುಗೆ ಸೋಡಾ ಹಾಕಿ, ಬೆಣ್ಣೆ ಚೆನ್ನಾಗಿ ನೊರೆ ಬರುವ ಹಾಗೆ ಕಲಸಿ ಎಂದು ಹೇಳಿಕೊಟ್ಟೆ. ಸಕ್ಕರೆ ಎಷ್ಟು ಎಂದು ಕೇಳಿದರು. ಅದನ್ನೂ ಹೇಳಿದೆ. ಫೋನಿಟ್ಟ ಮೇಲೆ ಗೋಡೆಗೆ ಒರಗಿ ನಿಂತೆ. ಗಂಡನ ಕಣ್ಣು ತೆಗೆಯುವ ಪಾಕವನ್ನು ನಾನೇ ಹೇಳಿಕೊಟ್ಟ ಹಾಗಾಯಿತು ಎಂದು ಅಳು ಬಂತು.

ಇಪ್ಪತ್ತನಾಲ್ಕನೆಯ ತಾರೀಕು, ಶುಕ್ರವಾರ. ಮಧ್ಯಾಹ್ನ ವರ್ಷ ತಿರುಗಿಸುವ ತಾಲೀಮು ಮುಗಿಯಿತು. ಕಂಪ್ಯೂಟರಿನ ಗಡಿಯಾರವನ್ನು ಮುಂದಕ್ಕೆ ತಿರುಗಿಸಿ, ಏನಾಗುತ್ತದೆ ನೋಡಿ, ಮತ್ತೆ ಹಿಂದಕ್ಕೆ ತಿರುಗಿಸುವುದು. ಎಲ್ಲರ ಮುಖವೂ ಬಾಡಿತ್ತು. ಮೀಟಿಂಗ್ ಕೋಣೆಯ ಮೇಜಿನ ಮೇಲೆ ಅಂಗಡಿಯ ಕೇಕೊಂದಿತ್ತು. ಒಗಾವಾ ಸಾನ್ ಬಟ್ಟೆಯಲ್ಲಿ ಗಂಟು ಕಟ್ಟಿದ ಡಬ್ಬವೊಂದನ್ನು ತಂದು ಇವರ ಮುಂದೆ ಇಟ್ಟರು. ಬೆಳಿಗ್ಗೆ ಆ ನೂಕುನುಗ್ಗಲಿನ ರೈಲಿನಲ್ಲಿ ಅದನ್ನು ಎದೆಗವಚಿಕೊಂಡು ಬಂದಿದ್ದರಂತೆ. ಗಂಟು ಬಿಚ್ಚಿದರು. ನಡುವೆ ಕುಸಿದ, ಬಿಳಿ ಕ್ರೀಮು ಹಚ್ಚಿ ಕುಸಿದದ್ದನ್ನು ಮುಚ್ಚಿದ, ಮೇಲೆ ಸ್ಟ್ರಾಬೆರಿ ಕೂರಿಸಿದ ಕೇಕು. ಮೊಸರು ಸೋಡಾದ ಆ ಹುಳಿ ವಾಸನೆ.

"ನನ್ನ ಹೆಂಡತಿ ನಾಲ್ಕು ಸಲ ಮಾಡಿದಳು" ಎಂದರು ಒಗಾವಾ ಸಾನ್. "ಮೊದಲಿನ ಮೂರನ್ನು ನಾನು ತಿಂದೆ. ಬೆಲ್ಟಿನ ತೂತು ಬದಲಾಯಿಸಬೇಕಾಯಿತು."

ಆ ಎರಡು ವರ್ಷದಲ್ಲಿ ಅವರ ಬಾಯಲ್ಲಿ ನಾನು ಕೇಳಿದ ಒಂದೇ ತಮಾಷೆಯ ಮಾತು ಅದು. ಎಲ್ಲರೂ ನಕ್ಕರು. ದೊಡ್ಡ ತುಂಡು ಕತ್ತರಿಸಿ ಇವರ ಕೈಗೆ ಕೊಟ್ಟರು. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಇವರು ತಟ್ಟೆ ಹಿಡಿದುಕೊಂಡು ನನ್ನನ್ನು ನೋಡಿದರು.

"ಏನಾದ್ರೂ ಹೇಳೇ."

"ಏನ್ ಹೇಳ್ಲಿ?"

"ಯಾವ್ದಾದ್ರೂ ವ್ರತ."

"ನನ್ನ ಹತ್ರ ದೇವರು ಮುಗಿದ್ರು ರೀ" ಅಂದೆ.

ನಾನು ನಗುತ್ತೇನೆಂದು ಇವರು ಅಂದುಕೊಂಡರೋ ಏನೋ. ನನಗೆ ನಗುವಷ್ಟೂ ಶಕ್ತಿ ಉಳಿದಿರಲಿಲ್ಲ. ಇವರು ಚಮಚ ಎತ್ತಿದರು. ಎತ್ತುವ ಮೊದಲು ಅದು ಎಲ್ಲಿದೆ ಎಂದು ಮೇಜಿನ ಮೇಲೆ ಒಂದು ಗಳಿಗೆ ಕೈಯಾಡಿಸಿದರು. ಬಿಳಿ ಮೇಜು, ಬಿಳಿ ಚಮಚ, ಯಾರಿಗಾದರೂ ಹಾಗಾಗಬಹುದಿತ್ತು. ಆದರೆ ಆ ಕೈ ನಮ್ಮ ಮಾವನವರದ್ದು. ನಾನು ಜಪಾನಿಯಲ್ಲಿ, ಯಾರ ಮಾತನ್ನೂ ಅನುವಾದ ಮಾಡದೆ, ನನ್ನದೇ ಮಾತು ಆಡಿದೆ. "ನನ್ನ ಗಂಡನಿಗೆ ಸಕ್ಕರೆ ಕಾಯಿಲೆ ಇದೆ. ಕಣ್ಣಿಗೆ ತಾಗಿದೆ. ಇದನ್ನು ತಿನ್ನಬಾರದು. ಇಷ್ಟು ದಿನ ಹೇಳದೆ ಇದ್ದದ್ದು ನಮ್ಮ ತಪ್ಪು."

ಹಯಾಶಿ ಸಾನ್ ಬಾಯಿಗೆ ಕೈ ಇಟ್ಟುಕೊಂಡಳು. ಇವರಿಗೆ ಜಪಾನಿ ಬರದಿದ್ದರೂ ಡಾಕ್ಟರು ಹೇಳಿದ್ದ ಆ ಕಾಯಿಲೆಯ ಹೆಸರು ಗೊತ್ತಿತ್ತು. ಮುಖ ಕಪ್ಪಿಟ್ಟಿತು. ಒಗಾವಾ ಸಾನ್ ಇವರ ಕೈಯಿಂದ ತಟ್ಟೆಯನ್ನು ಮೆಲ್ಲಗೆ ತೆಗೆದುಕೊಂಡರು. ಮೇಲಿದ್ದ ಒಂದು ಸ್ಟ್ರಾಬೆರಿಯನ್ನು ಎತ್ತಿ, ಕಾಗದದ ಕರವಸ್ತ್ರದಿಂದ ಅದಕ್ಕೆ ಅಂಟಿದ ಕ್ರೀಮನ್ನು ಸುತ್ತಲೂ ಒರೆಸಿ, ಬೇರೆ ತಟ್ಟೆಯಲ್ಲಿಟ್ಟು ಎರಡೂ ಕೈಯಿಂದ ಕೊಟ್ಟರು. ಇವರು ಆ ಒಂದು ಹಣ್ಣನ್ನು ತಿಂದರು. ಉಳಿದ ಕೇಕನ್ನು ನಾವೆಲ್ಲ ಹಂಚಿಕೊಂಡೆವು. ನಡುವೆ ಸ್ವಲ್ಪ ಹಸಿಯಿತ್ತು, ಆದರೂ ಚೆನ್ನಾಗಿತ್ತು.

ರೈಲಿನಲ್ಲಿ ಇವರು ಉರಯಾಸು ಬರುವ ಮೊದಲು ಇಷ್ಟೇ ಅಂದರು: "ಎರಡು ವರ್ಷದ ಕೆಲಸ ಎರಡು ಮಾತಲ್ಲಿ ಮುಗಿಸ್ಬಿಟ್ಟೆ."

"ನಿಮ್ಮಪ್ಪನಿಗೆ ಬಡಿಸಿದ ಕೈ ಇದು" ಅಂದೆ. "ಇನ್ನೊಂದ್ ಸಲ ಹಾಗೆ ಬಡಿಸೋಕೆ ನನ್ನ ಕೈಲಾಗಲ್ಲ ರೀ. ಆಗಲ್ಲ."

ಅಲ್ಲಿಂದ ಮಾತು ನಿಂತಿತು. ಶನಿವಾರ ಊರೆಲ್ಲ ಕ್ರಿಸ್‌ಮಸ್, ನಮ್ಮ ಮನೆಯಲ್ಲಿ ಗೋಧಿ ನುಚ್ಚಿನ ಉಪ್ಪಿಟ್ಟು, ಮೌನ. ಭಾನುವಾರ ಕೊಂಬಿನಿಯಲ್ಲಿ ಉಳಿದ ಕೇಕುಗಳನ್ನು ಅರ್ಧ ಬೆಲೆಗೆ ಜೋಡಿಸಿಟ್ಟಿದ್ದರು. ಅದರ ಮುಂದೆ ಹಾದು ಸಮುದ್ರದ ದಂಡೆಯವರೆಗೆ ಇವರು ಮುಂದೆ, ನಾನು ಹಿಂದೆ ನಡೆದು ಬಂದೆವು. ನಡೆಯಬೇಕು ಎಂದು ಡಾಕ್ಟರು ಹೇಳಿದ್ದನ್ನು ಇವರು ಕೋಪದಲ್ಲಾದರೂ ಪಾಲಿಸಿದರಲ್ಲ ಎಂದು ಒಳಗೊಳಗೇ ಸಮಾಧಾನವಾಯಿತು.

ಸೋಮವಾರ ಒಗಾವಾ ಸಾನ್ ನಮ್ಮಿಬ್ಬರನ್ನೂ ಸಣ್ಣ ಕೋಣೆಗೆ ಕರೆದರು. ಇವರು ಪೆಟ್ಟಿಗೆ ಕಟ್ಟುವ ಮನಸ್ಸು ಮಾಡಿಕೊಂಡೇ ಬಂದಿದ್ದರು. ಒಗಾವಾ ಸಾನ್ ಹೇಳಿದ್ದು ಎರಡೇ ವಿಷಯ. ವರ್ಷ ತಿರುಗುವ ರಾತ್ರಿ ಮೂರ್ತಿ ಸಾನ್ ಇಲ್ಲೇ ಇರಬೇಕು, ಅವರಿಲ್ಲದೆ ಆಗುವುದಿಲ್ಲ. ಅದು ಮುಗಿದ ಮೇಲೆ, ರಕ್ತದಲ್ಲಿ ಏನೇ ಬರಲಿ, ಎರಡು ವಾರ ಆಸ್ಪತ್ರೆಗೆ ಸೇರಬೇಕು, ರಜೆ ಆಗಲೇ ಬರೆದಾಗಿದೆ. ಇದಾದ ಮೇಲೆ ಎದ್ದು ನಿಂತು, "ಗೊತ್ತಿಲ್ಲದೆ ಹಾಗೆ ಮಾಡಿದ್ದಕ್ಕೆ ನನ್ನ ಹೆಂಡತಿ ಕ್ಷಮೆ ಕೇಳಿದ್ದಾಳೆ" ಎಂದು ತಲೆಬಾಗಿದರು.

ಇವರು ನನ್ನ ಕಡೆ ತಿರುಗಿದರು. ಕಣ್ಣು ತುಂಬಿತ್ತು. "ಕ್ಷಮೆ ನಾವು ಕೇಳ್ಬೇಕು ಅಂತ ಹೇಳು. ಸರಿಯಾಗಿ ಹೇಳು." ಮೂರು ದಿನದ ಮೇಲೆ ನನ್ನೊಡನೆ ಆಡಿದ ಮೊದಲ ಮಾತು.

ಆಮೇಲಿನದು ಹೆಚ್ಚಿಗೆ ಹೇಳುವಂಥದ್ದಲ್ಲ. ಡಿಸೆಂಬರ್ ಮೂವತ್ತೊಂದರ ರಾತ್ರಿ ಏನೂ ಆಗಲಿಲ್ಲ. ಏನೂ ಆಗದಿರಲಿ ಎಂದೇ ಎರಡು ವರ್ಷ ದುಡಿದದ್ದು. ಆಫೀಸಿನವರು ಮೊದಲು ತಿನ್ನಿಸಿ ಸಾಯಿಸಿದರು, ಈಗ ತಿನ್ನಗೊಡದೆ. ಇವರು ಲಿಫ್ಟಿನ ಗುಂಡಿ ಒತ್ತಿದರೆ ಹಯಾಶಿ ಸಾನ್ ಬಂದು ಮೆಟ್ಟಿಲು ತೋರಿಸುತ್ತಿದ್ದಳು. ಆಸ್ಪತ್ರೆಯಲ್ಲಿ ಇವರಿಗೆ ಅನ್ನವನ್ನು ತೂಗಿ ಕೊಟ್ಟರು. ಹುಳಿ ಎಂದರೇನು, ಸಾರು ಎಂದರೇನು, ಯಾವುದರಲ್ಲಿ ಬೇಳೆ ಎಷ್ಟು ಎಂದು ಅಲ್ಲಿನ ಊಟದ ಮೇಲ್ವಿಚಾರಕಿಗೆ ನಾನು ದಿನಾ ಹೋಗಿ ವಿವರಿಸಿದೆ. ಅದೊಂದು ಅನುವಾದ ಮಾತ್ರ ನನಗೆ ದಣಿವು ತರಲಿಲ್ಲ. ಮನೆಗೆ ಬರುವಾಗ ಇವರು ಅಂಗೈಯಗಲದ ಒಂದು ತಕ್ಕಡಿ ಕೊಂಡುತಂದರು. ಊರಿಗೆ ಬಂದ ಮೇಲೆ ಅತ್ತೆ ಅದನ್ನು ನೋಡಿ, "ಗಂಡನಿಗೆ ಅನ್ನ ತೂಗಿ ಬಡಿಸೋ ಹೆಂಡ್ತೀನ ಇವತ್ತೇ ನೋಡಿದ್ದು" ಎಂದು ಮುಖ ತಿರುಗಿಸಿದರು. ನಾನು ತೂಗುವುದನ್ನು ಬಿಡಲಿಲ್ಲ. ಕೊನೆಗೆ ಅತ್ತೆಯೇ, ಅವರ ಕೊನೆಯ ವರ್ಷಗಳಲ್ಲಿ, ಮಗ ಊಟಕ್ಕೆ ಕೂತರೆ ತಕ್ಕಡಿ ತಂದು ಪಕ್ಕದಲ್ಲಿಡುತ್ತಿದ್ದರು.

ಒಗಾವಾ ಸಾನ್ ಮನೆಗೆ ಹೊಸ ವರ್ಷಕ್ಕೊಂದು ಕಾರ್ಡು ಬಹಳ ವರ್ಷ ಹಾಕಿದೆ. ಒಂದು ವರ್ಷ ಉತ್ತರ ಬರಲಿಲ್ಲ, ಆಮೇಲೆ ನಾನೂ ನಿಲ್ಲಿಸಿದೆ.

ಇಷ್ಟು ಬರೆಯುವಾಗ ಸಂಜೆಯಾಗಿದೆ. ಇವರು ವಾಕಿಂಗ್ ಮುಗಿಸಿ ಬಂದು ಹಜಾರದಲ್ಲಿ, ಅವರಪ್ಪ ಕೂರುತ್ತಿದ್ದ ಅದೇ ಕುರ್ಚಿಯಲ್ಲಿ ಕೂತ ಸದ್ದು ಕೇಳಿಸಿತು. ಫಿಲೋಮಿನಾ ಕೊಟ್ಟ ಕೇಕಿನಿಂದ ಹೆಬ್ಬೆರಳ ಗಾತ್ರದ ಚೂರನ್ನು ತಕ್ಕಡಿಯ ಮೇಲಿಟ್ಟು ಮುಚ್ಚಿದ್ದೇನೆ, ಇವರ ಪಾಲಿಗೆ. ಕಿಟಕಿಯ ಹತ್ತಿರ ಬೆಳಕು ಸಾಲದೆ ನಾನು ಹಾಳೆಯ ಮೇಲೆ ಇನ್ನಷ್ಟು ಬಗ್ಗಿ ಬರೆಯುತ್ತಿದ್ದೆ.

"ಸುಮಿ, ದೀಪ ಹಚ್ಲಿಲ್ವಾ?"

ಪೆನ್ನು ಕೈಯಲ್ಲೇ ನಿಂತಿತು. ಸ್ವಲ್ಪ ಹೊತ್ತು ನನಗೆ ತಿರುಗಿ ನೋಡಲು ಧೈರ್ಯ ಬರಲಿಲ್ಲ. ಆಮೇಲೆ ದೇವರ ಗೂಡಿನ ಕಡೆ ತಿರುಗಿದೆ. ಕತ್ತಲೆಯಿತ್ತು. ನಿಜವಾಗಿಯೂ ಹಚ್ಚಿರಲಿಲ್ಲ.